ಇಫ್ತಾರಿನ ಹೊತ್ತಿಗೆ ಕಾಣೆಯಾದ ದನಿ

ಹೋದ ರಂಜಾನ್‌ನಲ್ಲಿ ಒಂದು ಸಂಜೆ ಕಲಬುರಗಿಯ ರೋಜಾ ಕಡೆ ಇರುವ ಗೆಳೆಯನ ಮನೆಗೆ ಇಫ್ತಾರಿಗೆ ಹೋಗಿದ್ದೆ. ದಸ್ತರಖಾನಿನ ಮೇಲೆ ಖರ್ಜೂರ, ಹೆಚ್ಚಿಟ್ಟ ಕಲ್ಲಂಗಡಿ, ಪರಾತದ ತುಂಬ ಆಗತಾನೆ ಕರಿದ ಭಜಿ. ಸೈರನ್ ಆಗಲು ಇನ್ನೂ ಏಳೆಂಟು ನಿಮಿಷ ಇತ್ತು. ಇಡೀ ದಿನ ನೀರೂ ಮುಟ್ಟದೆ ಇದ್ದವರಿಗೆ ಆ ಏಳೆಂಟು ನಿಮಿಷ ಬಲು ಉದ್ದ, ಯಾರೂ ಜಾಸ್ತಿ ಮಾತಾಡುವುದಿಲ್ಲ. ಆಗ ನಾನು ಮೊಬೈಲ್‌ನಲ್ಲಿ ಒಂದು ಹಳೆಯ ಧ್ವನಿಮುದ್ರಣ ಹಚ್ಚಿದೆ. ವಾದ್ಯ ಒಂದೂ ಇಲ್ಲ, ಒಬ್ಬನೇ ಗಂಡಸಿನ ದನಿ. ‘ರಬ್ಬನಾ’ ಎಂದು ಎತ್ತುಗಡೆ. ‘ನಮ್ಮ ಒಡೆಯನೇ’ ಎಂದು ಅದರ ಅರ್ಥ. ದನಿ ಮೇಲಕ್ಕೆ ಹೋಗುತ್ತದೆ, ಅಲ್ಲಿ ನಿಂತು ಗಂಟಲೊಳಗೇ ಸಣ್ಣಗೆ ಒಡೆಯುತ್ತದೆ, ಮತ್ತೆ ಕೂಡಿಕೊಂಡು ಕೆಳಗಿಳಿಯುತ್ತದೆ.

ಗೆಳೆಯನ ತಂದೆ, ನಾವೆಲ್ಲ ಚಾಚಾ ಅನ್ನುವವರು, ಕೈಯಲ್ಲಿ ಹಿಡಿದಿದ್ದ ಖರ್ಜೂರವನ್ನು ತಟ್ಟೆಗೆ ಇಟ್ಟರು. “ಇದು ಕುರಾನ್ ಅದ. ಆದ್ರ ಖಾರಿಗಳು ಓದೋ ಹಂಗ ಇಲ್ಲ. ಯಾರಪಾ ಇಂವ?”

“ಇರಾನ್‌ದವ್ರು ಚಾಚಾ, ಶಜರಿಯಾನ್ ಅಂತ. ಮೂವತ್ತು ವರ್ಷ ಅಲ್ಲಿ ರೇಡಿಯೋದಾಗ, ಟಿ.ವಿ.ದಾಗ ರೋಜಾ ಬಿಡೋ ಹೊತ್ತಿಗಿ ಇದನ್ನೇ ಹಚ್ತಿದ್ರು. ಆಮ್ಯಾಲ ಸರಕಾರದವ್ರೇ ಬಂದ್ ಮಾಡಿದ್ರು.”

“ಏನಂದಿ? ಕುರಾನ್ ಬಂದ್ ಮಾಡಿದ್ರು? ಅದೂ ಇರಾನ್‌ದಾಗ?”

ಅಷ್ಟರಲ್ಲಿ ಸೈರನ್ ಆಯಿತು. ಖರ್ಜೂರ ಬಾಯಿಗೆ ಹೋಯಿತು, ನೀರು ಗಂಟಲಿಗಿಳಿಯಿತು. ಚಾಚಾನ ಪ್ರಶ್ನೆ ಹಾಗೇ ಉಳಿಯಿತು. ಧರ್ಮದ ಹೆಸರಲ್ಲೇ ಆಳುವ ಸರಕಾರ, ಧರ್ಮಗ್ರಂಥದ ಮಾತನ್ನೇ ಹಾಡಿದ ದನಿಯನ್ನು ಯಾಕೆ ತಡೆಯುತ್ತದೆ? ತಡೆಯುವುದಾದರೂ ಹೇಗೆ? ಆವತ್ತು ಊಟದ ನಡುವೆ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಹೇಳುತ್ತೇನೆ.

ಮೊಹಮ್ಮದ್ ರೆಜಾ ಶಜರಿಯಾನ್ ಹುಟ್ಟಿದ್ದು 1940ರಲ್ಲಿ, ಇರಾನಿನ ಈಶಾನ್ಯದ ಮಶ್ಹದ್ ಊರಲ್ಲಿ. ತಂದೆ ಕುರಾನ್ ಪಠಣದಲ್ಲಿ ಹೆಸರಾದವರು. ಮಗನಿಗೆ ಸಣ್ಣಂದಿನಲ್ಲೇ ಪಠಣ ಕಲಿಸಿದರು, ಆದರೆ ಸಂಗೀತ ಅವರಿಗೆ ಒಗ್ಗದು. ಮಗ ಶಾಲಾ ಮಾಸ್ತರನಾದ. 1959ರಲ್ಲಿ ಖೊರಾಸಾನ್ ರೇಡಿಯೋದಲ್ಲಿ ಹಾಡತೊಡಗಿದ. ಮುಂದೆ ತೆಹ್ರಾನ್ ರೇಡಿಯೋಗೆ ಹೋದಾಗ ತಂದೆಗೆ ಗೊತ್ತಾಗಬಾರದೆಂದು ‘ಸಿಯಾವಶ್ ಬಿದಕಾನಿ’ ಎಂಬ ಬೇರೆ ಹೆಸರಿಟ್ಟುಕೊಂಡು ಹಾಡಿದ. ಸಿಯಾವಶ್ ಅಂದರೆ ಫಾರ್ಸಿ ಕವಿ ಫಿರ್ದೌಸಿಯ ಮಹಾಕಾವ್ಯ ಶಾಹನಾಮೆಯಲ್ಲಿ ಬರುವ ರಾಜಕುಮಾರ, ತಪ್ಪಿಲ್ಲದೆಯೂ ಶಿಕ್ಷೆ ಅನುಭವಿಸಿದವನು. ಈ ಹೆಸರನ್ನು ನೆನಪಿಡಿ, ಕೊನೆಯಲ್ಲಿ ಫಿರ್ದೌಸಿಯ ಹತ್ತಿರ ಮತ್ತೆ ಬರಬೇಕಿದೆ.

ಅವರು ಹಾಡುತ್ತಿದ್ದದ್ದು ಇರಾನಿನ ಶಾಸ್ತ್ರೀಯ ಸಂಗೀತ. ನಮ್ಮಲ್ಲಿ ರಾಗಗಳಿದ್ದಂತೆ ಅಲ್ಲಿ ದಸ್ತಗಾಹ್‌ಗಳು, ಮುಖ್ಯವಾಗಿ ಏಳು. ತಾಳದ ಕಟ್ಟಿಲ್ಲದೆ ಕವಿತೆಯನ್ನು ಬಿಡಿಸುತ್ತ ಹೋಗುವ ‘ಆವಾಜ್’ ನಮ್ಮ ಆಲಾಪಕ್ಕೆ ಹತ್ತಿರದ್ದು. ದನಿ ಗಂಟಲಲ್ಲಿ ಒಡೆಯುವುದಕ್ಕೆ ‘ತಹ್ರೀರ್’ ಅನ್ನುತ್ತಾರೆ, ಬುಲ್ ಬುಲ್ ಹಕ್ಕಿಯಿಂದ ಕಲಿತದ್ದು ಅಂತ ಹೇಳುವುದುಂಟು. ಹಾಡಿಗೆ ಎತ್ತಿಕೊಳ್ಳುವ ಕವಿತೆಗಳು ಹಳೆಯ ಫಾರ್ಸಿ ಕವಿಗಳಾದ ಹಾಫಿಜ್, ಸಾದಿ, ರೂಮಿಯವರದು. ಕಲಬುರಗಿಯವರಿಗೆ ಹಾಫಿಜ್ ತೀರ ಪರಕೀಯನೇನಲ್ಲ. ಬಹಮನಿ ಸುಲ್ತಾನ ಎರಡನೆಯ ಮುಹಮ್ಮದ್ ಶಾಹ ಖರ್ಚಿಗೆ ಹಣ ಕಳಿಸಿ ಅವನನ್ನು ಇಲ್ಲಿಗೆ ಕರೆಸಿದ್ದ. ಕವಿ ಹೊರ್ಮುಜ್ ಬಂದರಿನ ತನಕ ಬಂದು, ಬಿರುಗಾಳಿಗೆ ಅಂಜಿ, ಒಂದು ಗಜಲ್ ಬರೆದು ಕಳಿಸಿ ಶಿರಾಜಿಗೆ ತಿರುಗಿ ಹೋದ ಅಂತ ಚರಿತ್ರೆಕಾರ ಫೆರಿಶ್ತಾ ಬರೆದಿದ್ದಾನೆ. ಹಾಫಿಜ್ ಬರಲಿಲ್ಲ. ಆದರೆ ಅವನ ಫಾರ್ಸಿ ನುಡಿ ಈ ನೆಲದ ದರ್ಬಾರಿನಲ್ಲಿ, ದರ್ಗಾದಲ್ಲಿ ನೂರಾರು ವರ್ಷ ಉಸಿರಾಡಿತು.

ಈಗ ಶಜರಿಯಾನರ ಬದುಕಿನ ಎರಡು ಹಾಡುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1978ರ ಸೆಪ್ಟೆಂಬರ್ 8ರಂದು ತೆಹ್ರಾನಿನ ಜಾಲೆ ಚೌಕದಲ್ಲಿ ಆಗಿನ ದೊರೆ ಶಾಹನ ಸೈನ್ಯ ಜನರ ಮೇಲೆ ಗುಂಡು ಹಾರಿಸಿತು. ಅದನ್ನು ಪ್ರತಿಭಟಿಸಿ ಅವರೂ ಅವರ ಜೊತೆಗಾರ ಸಂಗೀತಗಾರರೂ ಸರಕಾರಿ ರೇಡಿಯೋದ ಕೆಲಸ ಬಿಟ್ಟರು. ಶಾಹನನ್ನು ಇಳಿಸಿ ಧಾರ್ಮಿಕ ಸರಕಾರ ತಂದ ಕ್ರಾಂತಿಯ ಆ ದಿನಗಳಲ್ಲಿ ಮೊಹಮ್ಮದ್ ರೆಜಾ ಲೋತ್ಫಿ ಸ್ವರ ಹಾಕಿದ ಒಂದು ಹಾಡನ್ನು ಹಾಡಿದರು. ನನ್ನ ಬಂದೂಕು ನನಗೆ ಕೊಡು ಎಂದು ಕೇಳುವ ಹಾಡು ಅದು. ಮೂವತ್ತು ವರ್ಷ ಕಳೆದು, 2009ರಲ್ಲಿ ಹಾಡಿದ ಇನ್ನೊಂದು ಹಾಡು ಫೆರೆದೂನ್ ಮೊಶೀರಿಯವರ ಕವಿತೆ. ಅದು ನಿನ್ನ ಬಂದೂಕು ಕೆಳಗಿಡು ಅನ್ನುತ್ತದೆ. ಹಾಡಿದ ದನಿ ಒಂದೇ. ಬಂದೂಕು ಯಾರ ಕೈಗೆ ಹೋಗಿತ್ತು ಎಂಬುದಷ್ಟೇ ಬದಲಾಗಿತ್ತು.

ಈ ಎರಡರ ನಡುವೆ ‘ರಬ್ಬನಾ’ ಬರುತ್ತದೆ. 1979ರಲ್ಲಿ, ಕ್ರಾಂತಿ ಆದ ಹೊಸದರಲ್ಲಿ ಮುದ್ರಿಸಿದ್ದು. ಕುರಾನಿನ ನಾಲ್ಕು ವಚನಗಳು, ನಾಲ್ಕೂ ಅದೇ ಕರೆಯಿಂದ ಶುರುವಾಗುವಂಥವು. ಕಲಿಯುವವರಿಗೆ ಹೀಗೆ ಹಾಡಬೇಕು ಎಂದು ತೋರಿಸಲು ಹಾಡಿದ್ದು ಅದು. ಆದರೆ ಗುರು ತೋರಿಸಿಕೊಟ್ಟದ್ದೇ ಪ್ರಸಾರವಾಗತೊಡಗಿತು. ರಂಜಾನ್ ಬಂತೆಂದರೆ ಸೂರ್ಯ ಮುಳುಗುವ ಮುಂಚೆ ಆ ದನಿ, ಆಮೇಲೆ ಅಜಾನ್, ಆಮೇಲೆ ಖರ್ಜೂರ. ಒಂದು ಇಡೀ ತಲೆಮಾರು ಅದನ್ನು ಕೇಳುತ್ತಲೇ ರೋಜಾ ಬಿಟ್ಟಿತು. ಧರ್ಮನಿಷ್ಠರೂ ಕೇಳಿದರು, ನಮಾಜಿನ ಗೋಜಿಗೆ ಹೋಗದವರೂ ಕೇಳಿದರು. ಜೇಷ್ಠ ಮುಗಿಯುವಾಗಿನ ಮೊದಲ ಮಳೆಯ ಮಣ್ಣಿನ ವಾಸನೆ ನಮಗೆ ಹೇಗೋ, ಅವರಿಗೆ ಆ ದನಿ ಹಾಗೆ. ಯಾರೂ ಅದರ ಬಗ್ಗೆ ವಿಚಾರ ಮಾಡುತ್ತ ಕೂರುತ್ತಿರಲಿಲ್ಲ, ಬರುತ್ತದೆ ಅಂತ ಮಾತ್ರ ಗೊತ್ತಿತ್ತು.

2009ರ ಜೂನ್ 12ರಂದು ಇರಾನಿನಲ್ಲಿ ಅಧ್ಯಕ್ಷರ ಚುನಾವಣೆ ನಡೆಯಿತು. ಆಗಿನ ಅಧ್ಯಕ್ಷ ಅಹ್ಮದಿನೆಜಾದ್ ಅವರೇ ಗೆದ್ದರೆಂದು ಘೋಷಣೆಯಾಯಿತು. ಮತ ಎಣಿಕೆಯಲ್ಲಿ ಮೋಸವಾಗಿದೆ ಎಂದು ಲಕ್ಷಾಂತರ ಜನ ಬೀದಿಗಿಳಿದರು. ಗೆದ್ದವರು ವಿಜಯೋತ್ಸವದ ಭಾಷಣದಲ್ಲಿ ಆ ಜನರನ್ನು ‘ಖಸ್ ಓ ಖಾಶಾಕ್’ ಅಂದರು, ಅಂದರೆ ಕಸಕಡ್ಡಿ. ದಖನಿ ಉರ್ದು ಬಲ್ಲವರಿಗೆ ಈ ಮಾತಿನ ಚುಚ್ಚು ಅರ್ಥ ಹೇಳದೆಯೂ ತಿಳಿಯುತ್ತದೆ. ಅದೇ ಹೊತ್ತಿನಲ್ಲಿ ಸರಕಾರಿ ಟಿ.ವಿ. ಶಜರಿಯಾನರ ಹಳೆಯ ದೇಶಭಕ್ತಿಯ ಹಾಡುಗಳನ್ನು ಎಡೆಬಿಡದೆ ಹಾಕುತ್ತಿತ್ತು. ಬೀದಿಯಲ್ಲಿ ಲಾಠಿ, ಪರದೆಯ ಮೇಲೆ ಇವರ ದನಿ. ಅವರು ಪ್ರಸಾರ ಸಂಸ್ಥೆಗೆ ಪತ್ರ ಬರೆದು ತಮ್ಮ ಹಾಡುಗಳನ್ನು ನಿಲ್ಲಿಸಿ ಅಂದರು. ‘ರಬ್ಬನಾ’ವನ್ನು ಮಾತ್ರ ಆ ಬೇಡಿಕೆಯಿಂದ ಹೊರಗಿಟ್ಟರು, ಅದು ಜನರದು ಎಂದು. ನನ್ನ ದನಿ ಕಸಕಡ್ಡಿಯ ದನಿ, ಯಾವತ್ತೂ ಅವರ ದನಿಯಾಗಿಯೇ ಇರುತ್ತದೆ ಎಂಬರ್ಥದ ಮಾತನ್ನು ವಿದೇಶಿ ಮಾಧ್ಯಮದ ಸಂದರ್ಶನದಲ್ಲೂ ಆಡಿದರು.

ಆಮೇಲಿನ ರಂಜಾನ್‌ಗಳಲ್ಲಿ ಅವರು ಬಿಟ್ಟುಕೊಟ್ಟಿದ್ದ ಆ ಒಂದೇ ಹಾಡು ಸರಕಾರಿ ರೇಡಿಯೋ, ಟಿ.ವಿ.ಯಿಂದ ಕಾಣೆಯಾಯಿತು. ಅದರ ಜೊತೆಗೇ ದೇಶದೊಳಗೆ ಅವರ ಕಛೇರಿಗಳೂ ನಿಂತವು.

ಹೇಗೆ ನಿಂತವು ಎಂಬುದನ್ನು ಬಿಡಿಸಿ ನೋಡಬೇಕು. ಹಾಡುಗಾರನನ್ನು ಸುಮ್ಮನಾಗಿಸುವುದು ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಪೊಲೀಸು, ಕೈಕೋಳ, ಜೈಲು. ಶಜರಿಯಾನರನ್ನು ಯಾವ ಕೋರ್ಟೂ ಹಾಡಿದ್ದಕ್ಕೆ ಅಪರಾಧಿ ಎಂದು ಜೈಲಿಗೆ ಕಳಿಸಲಿಲ್ಲ. ಅವರು ತೆಹ್ರಾನಿನ ತಮ್ಮ ಮನೆಯಲ್ಲೇ ಇದ್ದರು, ಶಿಷ್ಯರಿಗೆ ಕಲಿಸಿದರು, ಹೊಸ ವಾದ್ಯಗಳನ್ನು ಕೈಯಾರೆ ರೂಪಿಸಿದರು, ಯುರೋಪ್, ಅಮೆರಿಕಕ್ಕೆ ಹೋಗಿ ತುಂಬಿದ ಸಭೆಗಳಲ್ಲಿ ಹಾಡಿ ಬಂದರು. ಸ್ವಂತ ಊರಿನಲ್ಲಿ ಹಾಡಲು ಮಾತ್ರ ಆಗಲಿಲ್ಲ. ಯಾಕೆಂದರೆ ಹಾಡು ಹಾಡುವವನ ಬಾಯಿಂದ ಕೇಳುವವನ ಕಿವಿಗೆ ಮುಟ್ಟುವುದರ ನಡುವೆ ಹಲವು ಬಾಗಿಲುಗಳಿವೆ, ಅಲ್ಲಿ ಆ ಎಲ್ಲ ಬಾಗಿಲುಗಳ ಕೀಲಿ ಒಂದೇ ಗೊಂಚಲಲ್ಲಿದೆ.

ಮೊದಲನೆಯ ಬಾಗಿಲು ಪರವಾನಗಿ. ಇರಾನಿನಲ್ಲಿ ಕಛೇರಿ ಮಾಡಬೇಕಾದರೂ, ಹಾಡಿನ ಸಂಗ್ರಹ ಹೊರತರಬೇಕಾದರೂ ಸಂಸ್ಕೃತಿ ಮತ್ತು ಇಸ್ಲಾಮಿ ಮಾರ್ಗದರ್ಶನ ಸಚಿವಾಲಯದ ಒಪ್ಪಿಗೆ ಬೇಕು. ಆ ಒಪ್ಪಿಗೆಗೆ ‘ಮೊಜವ್ವೆಜ್’ ಅನ್ನುತ್ತಾರೆ. ನಮ್ಮ ಕಡೆ ದಿನಾ ಬಳಸುವ ‘ಇಜಾಜತ್’ ಕೂಡ ಅದೇ ಬೇರಿನ ಮಾತು. ಕವಿತೆಯ ಸಾಲು, ಸ್ವರ, ಹಾಡುವವರು, ನುಡಿಸುವವರು ಎಲ್ಲವನ್ನೂ ಪರೀಕ್ಷಿಸಿದ ಮೇಲೆ ಅದು ಸಿಗುತ್ತದೆ, ಇಲ್ಲವೇ ಸಿಗುವುದಿಲ್ಲ. ಸಚಿವಾಲಯವನ್ನು ಜನ ಚಿಕ್ಕದಾಗಿ ‘ಎರ್ಶಾದ್’ ಎಂದು ಕರೆಯುತ್ತಾರೆ. ಈ ಶಬ್ದ ಮೊದಲ ಸಲ ಕಿವಿಗೆ ಬಿದ್ದಾಗ ನನಗೆ ಕಸಿವಿಸಿಯಾಯಿತು. ಕಲಬುರಗಿಯ ಮುಶಾಯಿರಾಗಳಲ್ಲಿ ಶಾಯರ್ ಮೊದಲ ಸಾಲು ಹೇಳಲು ಅಣಿಯಾದರೆ ಸಭೆಯಿಂದ “ಇರ್ಷಾದ್! ಇರ್ಷಾದ್!” ಎಂದು ಕೂಗುತ್ತಾರೆ. ಅಪ್ಪಣೆಯಾಗಲಿ, ಹೇಳಿ, ಕೇಳಲು ಕಾದಿದ್ದೇವೆ ಎಂದು. ನಾವು ಹಾಡು ಬೇಡಲು ಬಳಸುವ ಶಬ್ದವೇ ಅಲ್ಲಿ ಹಾಡು ತಡೆಯುವ ಕಚೇರಿಯ ಹೆಸರು.

ಎರಡನೆಯದು ಗಾಳಿ, ಅಂದರೆ ರೇಡಿಯೋ ಮತ್ತು ಟಿ.ವಿ. ಇರಾನಿನ ಸಂವಿಧಾನದ ಪ್ರಕಾರ ಪ್ರಸಾರ ಸರಕಾರದ ಕೈಯಲ್ಲೇ ಇರಬೇಕು, ಅದರ ಮುಖ್ಯಸ್ಥನನ್ನು ನೇಮಿಸುವವರು ಸರ್ವೋಚ್ಚ ನಾಯಕ. ಚುನಾಯಿತ ಅಧ್ಯಕ್ಷರು ಯಾರೇ ಬರಲಿ, ಈ ಕೀಲಿ ಅವರಿಗೆ ಸಿಗುವುದಿಲ್ಲ. 1979ರ ಜುಲೈಯಲ್ಲಿ ಕ್ರಾಂತಿಯ ನಾಯಕ ಖೊಮೇನಿ ಸಂಗೀತವನ್ನು ಅಫೀಮಿಗೆ ಹೋಲಿಸಿ ಮಾತಾಡಿದ್ದರು. ಮುಂದೆ 1988ರ ಹೊತ್ತಿಗೆ ಸ್ವಲ್ಪ ಸಡಿಲಾಗಿ, ವಾದ್ಯಗಳನ್ನು ಮಾರಬಹುದು, ಕೊಳ್ಳಬಹುದು ಎಂಬ ಅಭಿಪ್ರಾಯ ಕೊಟ್ಟರು. ಆದರೂ ಸರಕಾರಿ ಟಿ.ವಿ. ವಾದ್ಯಗಳನ್ನು ತೋರಿಸುವುದಿಲ್ಲ. ಸಂತೂರ್ ನುಡಿಯುತ್ತಿರುತ್ತದೆ, ಪರದೆಯ ಮೇಲೆ ಹೂವು, ನದಿ, ಬೆಟ್ಟ. ಕಿವಿಗೆ ಬಂದದ್ದು ಕಣ್ಣಿಗೆ ಕಾಣಬಾರದು. ದಶಕಗಟ್ಟಲೆ ಹೀಗೆ ಬೆಳೆದ ಮಕ್ಕಳು ತಮ್ಮದೇ ನಾಡಿನ ವಾದ್ಯ ಹೇಗಿದೆ ಎಂದು ಟಿ.ವಿ.ಯಲ್ಲಿ ನೋಡಿಲ್ಲ.

ಮೂರನೆಯದು ಸಭಾಂಗಣ. ಸಚಿವಾಲಯದ ಕಾಗದ ಕೈಗೆ ಬಂದರೂ ಕೆಲಸ ಮುಗಿಯಲಿಲ್ಲ. ಊರಿನ ಪೊಲೀಸರಿಂದ, ನ್ಯಾಯಾಂಗದಿಂದ, ಶುಕ್ರವಾರದ ನಮಾಜು ಮಾಡಿಸುವ ಮುಖಂಡರಿಂದ ತಕರಾರು ಬಂದರೆ ಟಿಕೆಟ್ ಮಾರಿದ ಮೇಲೂ ಕಛೇರಿ ರದ್ದಾಗುತ್ತದೆ. ಶಜರಿಯಾನ್ ಹುಟ್ಟಿದ ಮಶ್ಹದ್‌ನಲ್ಲಂತೂ ವರ್ಷಗಟ್ಟಲೆ ಸಂಗೀತ ಕಛೇರಿಗೆ ಎಡೆಯೇ ಸಿಗಲಿಲ್ಲ. ಕಛೇರಿ ಬೇಕಾದವರು ಬೇರೆ ಊರಿಗೆ ಹೋಗಿ ಇರಲಿ ಎಂಬ ಮಾತು 2016ರಲ್ಲಿ ಅಲ್ಲಿನ ಧಾರ್ಮಿಕ ಮುಖಂಡರ ಬಾಯಿಂದಲೇ ಬಂತು.

ಇಷ್ಟು ಬಾಗಿಲುಗಳಿದ್ದರೆ ಸರಕಾರಕ್ಕೆ ಸಿಗುವ ಅನುಕೂಲ ಏನು? ‘ಇಂಥವರು ಇನ್ನು ಹಾಡಬಾರದು’ ಎಂದು ಯಾರೂ ಸಹಿ ಹಾಕಬೇಕಾಗಿಲ್ಲ. ಒಂದು ಕಚೇರಿಯವರು ನಮ್ಮದೇನೂ ತಕರಾರಿಲ್ಲ, ಅವರನ್ನು ಕೇಳಿ ಎನ್ನಬಹುದು. ಆ ಇನ್ನೊಂದು ಕಚೇರಿಯವರು ಸುಮ್ಮನಿರಬಹುದು. ಆದೇಶವೇ ಇಲ್ಲದಾಗ ಅದರ ಮೇಲೆ ಅಪೀಲು ಹೋಗುವುದು ಎಲ್ಲಿಗೆ? ತಹಶೀಲ್ ಕಚೇರಿಯಲ್ಲಿ ಒಂದು ಉತಾರಕ್ಕಾಗಿ ನಾಳೆ ಬಾ, ನಾಡಿದ್ದು ಬಾ ಅನ್ನಿಸಿಕೊಂಡು ಅಲೆದ ನಮ್ಮ ರೈತರಿಗೆ ಈ ತಂತ್ರದ ನೋವು ಚೆನ್ನಾಗಿ ಅರ್ಥವಾಗುತ್ತದೆ. ಅದೇ ತಂತ್ರವನ್ನು ಒಂದು ನಾಡಿನ ಅತಿ ದೊಡ್ಡ ಗಾಯಕನ ಮೇಲೆ ಹತ್ತು ವರ್ಷ ನಡೆಸಿದರು. ಗಾಯಕನಿಗೆ ವಯಸ್ಸಾಗುತ್ತದೆ. ಅರವತ್ತೊಂಬತ್ತರಲ್ಲಿ ಕಳೆದುಕೊಂಡ ಕಛೇರಿಯನ್ನು ಎಪ್ಪತ್ತೊಂಬತ್ತರಲ್ಲಿ ತಿರುಗಿ ಕೊಡಲು ಬರುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದು ಜೈಲಿಗಿಂತ ಹಗುರದ ಶಿಕ್ಷೆಯಲ್ಲ, ನೋಡುವವರಿಗೆ ಕಾಣಿಸದ ಶಿಕ್ಷೆ, ಅಷ್ಟೇ.

ಹೆಂಗಸರ ಪಾಲಿಗೆ ಈ ಬಾಗಿಲುಗಳು ಮೊದಲಿಂದಲೂ ಮುಚ್ಚಿಯೇ ಇವೆ. 1979ರ ನಂತರ ಇರಾನಿನಲ್ಲಿ ಹೆಣ್ಣುಮಗಳು ಗಂಡಸರಿರುವ ಸಭೆಯಲ್ಲಿ ಒಬ್ಬಳೇ ಹಾಡುವಂತಿಲ್ಲ. ಶಜರಿಯಾನರ ಮಗ ಹುಮಾಯೂನ್ ದೇಶದಲ್ಲೇ ಕಛೇರಿ ಮಾಡಿದರು. ಅದೇ ತಂದೆಯ ಹತ್ತಿರ ಕಲಿತ ಮಗಳು ಮೊಜ್ಗಾನ್ ತಂದೆಯ ಜೊತೆ ವೇದಿಕೆ ಏರಲು ಹೊರದೇಶಕ್ಕೇ ಹೋಗಬೇಕಾಯಿತು. ಕ್ರಾಂತಿಗೆ ಮುಂಚೆ ಇರಾನಿನ ಅತಿ ಜನಪ್ರಿಯ ಗಾಯಕಿ ಯಾರೆಂದರೆ ಗೂಗೂಶ್. ಕ್ರಾಂತಿ ನಡೆದಾಗ ಅವರು ಅಮೆರಿಕದಲ್ಲಿದ್ದರು, ತಮ್ಮ ನೆಲ ಬಿಟ್ಟಿರಲಾಗದೆ ತಿರುಗಿ ಬಂದರು. ಬಂದವರನ್ನು ವಿಚಾರಿಸಿದರು, ಕೆಲಕಾಲ ಬಂಧಿಸಿದರು. ಆಮೇಲೆ ಇಪ್ಪತ್ತೊಂದು ವರ್ಷ ಅವರು ಜನರ ಮುಂದೆ ಒಂದು ಸಾಲನ್ನೂ ಹಾಡಲಿಲ್ಲ. ಇಪ್ಪತ್ತೊಂಬತ್ತರ ಹುಡುಗಿ ಐವತ್ತರ ಹೆಂಗಸಾದರು. 2000ದಲ್ಲಿ ದೇಶ ಬಿಟ್ಟು ಕೆನಡಾದ ಟೊರಾಂಟೊದಲ್ಲಿ ಹಾಡಿದಾಗ ಸಭೆಯಲ್ಲಿದ್ದವರು ಅವರ ಹಳೆಯ ಕ್ಯಾಸೆಟ್ಟುಗಳನ್ನು ಜೋಪಾನ ಮಾಡಿದ್ದ ಜನ.

ಈಗ ಚಾಚಾನ ಮೂಲ ಪ್ರಶ್ನೆಗೆ ಬರೋಣ. ಕುರಾನಿನ ವಚನವನ್ನು ಧಾರ್ಮಿಕ ಸರಕಾರ ಯಾಕೆ ತಡೆಯಬೇಕು?

ವಚನದ ಮೇಲೆ ಯಾರ ತಕರಾರೂ ಇರಲಿಲ್ಲ. ಅದೇ ವಚನಗಳನ್ನು ಬೇರೆಯವರ ದನಿಯಲ್ಲಿ ಹಾಕಿದರು. ತಕರಾರು ಇದ್ದದ್ದು ಆ ದನಿಯ ಮೇಲೆ ಜನರಿಗಿದ್ದ ನಂಬಿಕೆಯ ಬಗ್ಗೆ. ಧರ್ಮದ ಹೆಸರಲ್ಲಿ ಆಳುವವರಿಗೆ ಬೇಕಾದ್ದು, ದೇವರ ಕಡೆಗಿನ ದಾರಿ ತಮ್ಮ ಮನೆಯ ಮುಂದಿನಿಂದಲೇ ಹಾದು ಹೋಗಬೇಕು ಎಂಬುದು. ಹೀಗಿರುವಾಗ ಸರಕಾರವನ್ನು ಬೈದವನೊಬ್ಬ, ಕಸಕಡ್ಡಿಯ ದನಿ ನನ್ನದು ಅಂದವನೊಬ್ಬ, ದಿನದ ಅತಿ ಪವಿತ್ರ ಗಳಿಗೆಯಲ್ಲಿ ಮನೆಮನೆಯ ದಸ್ತರಖಾನಿನ ಸುತ್ತ ‘ನಮ್ಮ ಒಡೆಯನೇ’ ಎಂದು ಕರೆಯುತ್ತಾನೆ. ಕೇಳಿದವರ ಕಣ್ಣು ತುಂಬುತ್ತದೆ. ಹಾಗಾದರೆ ಇವನು ಧರ್ಮದ್ರೋಹಿ ಹೇಗಾದಾನು ಎಂಬ ಪ್ರಶ್ನೆ ಯಾರೂ ಎತ್ತದೆಯೂ ಏಳುತ್ತದೆ. ಆಳುವವರಿಗೆ ಸರಕಾರದ ವಿರುದ್ಧದ ಹಾಡನ್ನು ವಿರೋಧಿಯದು ಎಂದು ತಳ್ಳಿಹಾಕುವುದು ಸುಲಭ. ಪ್ರಾರ್ಥನೆಯನ್ನು ಏನೆಂದು ತಳ್ಳಿಹಾಕಬೇಕು? ಅದಕ್ಕೇ ಉತ್ತರ ಕೊಡುವ ಬದಲು ಸದ್ದಿಲ್ಲದೆ ಎತ್ತಿಟ್ಟರು.

ಇದನ್ನು ಚಾಚಾನಿಗೆ ಹೇಳುವಾಗ ನನಗೆ ದೂರದ ಉದಾಹರಣೆ ಬೇಕಾಗಲಿಲ್ಲ. ಅವರ ಮನೆಯ ಮಾಳಿಗೆಯಿಂದ ಬಂದೇ ನವಾಜರ ದರ್ಗಾದ ಗುಮ್ಮಟ ಕಾಣುತ್ತದೆ. ಬಂದೇ ನವಾಜ್ ಎಂದು ಜನ ಕರೆಯುವ ಸೂಫಿ ಗೇಸುದರಾಜರು ಮುಪ್ಪಿನಲ್ಲಿ, 1400ರ ಆಸುಪಾಸಿಗೆ, ದಿಲ್ಲಿಯ ಕಡೆಯಿಂದ ಕಲಬುರಗಿಗೆ ಬಂದರು. ಫಿರೋಜ್ ಶಾಹ ಬಹಮನಿ ಆದರದಿಂದ ಬರಮಾಡಿಕೊಂಡ, ಕೋಟೆಯ ಹತ್ತಿರವೇ ಅವರ ಖಾನಕಾಹ್, ಅಂದರೆ ಸೂಫಿಗಳ ಮಠ, ನಡೆಯಿತು. ಅವರದು ಚಿಷ್ತಿ ಸೂಫಿಗಳ ಪರಂಪರೆ; ಆ ದಾರಿಯಲ್ಲಿ ‘ಸಮಾ’, ಅಂದರೆ ಹಾಡು ಕೇಳುತ್ತ ದೇವರ ಕಡೆ ಸರಿಯುವುದು, ಸಾಧನೆಯ ಭಾಗ. ಜನ ಸೇರತೊಡಗಿದರು. ಸುಲ್ತಾನ ತನ್ನ ಮಗನಿಗೇ ಪಟ್ಟ ಸಿಗಲಿ ಎಂದು ಆಶೀರ್ವಾದ ಬೇಡಿದ, ಗುರುಗಳು ಕೊಡಲಿಲ್ಲ. ಆಮೇಲೆ ದರ್ಬಾರಿನಿಂದ ಅಪ್ಪಣೆ ಬಂತು: ಕೋಟೆಯ ಪಕ್ಕ ಗದ್ದಲ, ಜನಜಂಗುಳಿ ಹೆಚ್ಚಾಗಿದೆ, ಬೇರೆ ಕಡೆ ಹೋಗಿ. ಗುರುಗಳು ಹೋದರು. ಈಗ ದರ್ಗಾ ಇರುವ ಜಾಗ ಅದೇ. ಆಶೀರ್ವಾದ ಸಿಗದ ಸಿಟ್ಟು ಒಳಗಿತ್ತು, ಗದ್ದಲದ ನೆವ ಹೊರಗಿತ್ತು. 1422ರಲ್ಲಿ ಪಟ್ಟ ಹೋದದ್ದು ಸುಲ್ತಾನನ ತಮ್ಮ ಅಹ್ಮದ್ ಶಾಹನಿಗೆ. ಅದೇ ವರ್ಷ ಫಿರೋಜನೂ ತೀರಿಕೊಂಡ, ಗೇಸುದರಾಜರೂ ಕಣ್ಮುಚ್ಚಿದರು. ಇಬ್ಬರ ಗೋರಿಗಳೂ ಈ ಊರಲ್ಲೇ ಇವೆ. ಫಿರೋಜನ ಗೋರಿ ಇರುವ ಹಫ್ತ್ ಗುಂಬಜ್‌ನಲ್ಲಿ ಪಾರಿವಾಳ ಬಿಟ್ಟರೆ ಹೆಚ್ಚಿನ ಸದ್ದಿಲ್ಲ. ದರ್ಗಾದಲ್ಲಿ ಉರುಸಿನ ದಿನ ಕವ್ವಾಲಿ ಶುರುವಾದರೆ ಕಾಲಿಡಲು ಜಾಗ ಇರುವುದಿಲ್ಲ.

ನಮ್ಮದೇ ಕಾಲದಲ್ಲಿ, ನಮ್ಮದೇ ದೇಶದಲ್ಲಿ ನಡೆದದ್ದನ್ನೂ ಮರೆಯಬಾರದು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಸರಕಾರದ 20 ಅಂಶಗಳ ಕಾರ್ಯಕ್ರಮದ ಪ್ರಚಾರಕ್ಕೆ ಸಿನಿಮಾ ಕಲಾವಿದರು ಹಾಡಬೇಕು, ಕುಣಿಯಬೇಕು ಎಂದು ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಬಯಸಿತು. ಕಿಶೋರ್ ಕುಮಾರ್ ಒಪ್ಪಲಿಲ್ಲ. 1976ರ ಮೇ ತಿಂಗಳಲ್ಲಿ ಅವರ ಹಾಡುಗಳು ಆಕಾಶವಾಣಿಯಿಂದಲೂ ದೂರದರ್ಶನದಿಂದಲೂ ಮಾಯವಾದವು. ಅವರ ಗ್ರಾಮಫೋನ್ ತಟ್ಟೆಗಳ ಮಾರಾಟಕ್ಕೂ, ಅವರು ನಟಿಸುವ ಚಿತ್ರಗಳಿಗೂ ಕೈ ಹಾಕುವ ಯೋಜನೆ ಇತ್ತು. ತುರ್ತು ಪರಿಸ್ಥಿತಿ ಮುಗಿದ ಮೇಲೆ ನೇಮಕವಾದ ಷಾ ಆಯೋಗ ಇದನ್ನೆಲ್ಲ ವರದಿಯಲ್ಲಿ ದಾಖಲಿಸಿತು, ಆಗಿನ ಸಚಿವ ವಿ.ಸಿ. ಶುಕ್ಲಾ ಅವರ ಹೊಣೆಯನ್ನೂ ಎತ್ತಿ ಹೇಳಿತು. ಇಲ್ಲೂ ಕೈಕೋಳ ಇರಲಿಲ್ಲ. ದೂರವಾಣಿ ಕರೆ, ಕಡತದ ಮೇಲೊಂದು ಟಿಪ್ಪಣಿ, ಆಮೇಲೆ ರೇಡಿಯೋದಲ್ಲಿ ಬೇರೆಯವರ ಹಾಡು.

ಇರಾನಿಗೂ ನಮಗೂ ಇದ್ದ ಫರಕು ಅಂದರೆ, ಇಲ್ಲಿ 1977ರಲ್ಲಿ ಚುನಾವಣೆ ನಡೆಯಿತು, ಆ ಸರಕಾರ ಹೋಯಿತು, ಆಯೋಗ ಕೂತು ಅಧಿಕಾರಿಗಳನ್ನು ಕರೆಸಿ ಕೇಳಿತು. ಯಾರು ಯಾರಿಗೆ ಫೋನ್ ಮಾಡಿದರು ಎಂಬುದು ಇವತ್ತು ನಮಗೆ ಗೊತ್ತಿರುವುದು ಅದರಿಂದಲೇ. ಕೀಲಿಯ ಗೊಂಚಲು ಒಂದೇ ಕೈಯಲ್ಲಿ ಉಳಿದುಬಿಟ್ಟರೆ ಆ ದಾಖಲೆಯೂ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿ ಶಜರಿಯಾನರ ದನಿ ನಿಂತಿತೇ? ಟಿ.ವಿ.ಯಲ್ಲಿ ನಿಂತಿತು. ಅಂಗಡಿಗಳಲ್ಲಿ, ಕಾರುಗಳಲ್ಲಿ, ಹೋಟೆಲುಗಳಲ್ಲಿ ಜನ ಇಫ್ತಾರಿನ ಹೊತ್ತಿಗೆ ತಮ್ಮ ಫೋನಿನಿಂದ ‘ರಬ್ಬನಾ’ ಹಚ್ಚತೊಡಗಿದರು. ಮುಂಚೆ ತಾನಾಗಿ ಬರುತ್ತಿದ್ದದ್ದನ್ನು ಈಗ ಹುಡುಕಿ ಹಚ್ಚಬೇಕಾಗಿತ್ತು. ಹಾಗೆ ಹುಡುಕಿ ಹಚ್ಚುವಾಗ ಅದು ಬರೀ ಪ್ರಾರ್ಥನೆಯಾಗಿ ಉಳಿಯಲಿಲ್ಲ. ಆದರೂ ದನಿಯನ್ನು ಯಾರೂ ಅಡಗಿಸಲಾರರು ಎಂದು ಸುಲಭವಾಗಿ ಹೇಳಿಬಿಡಲು ನನಗೆ ಮನಸ್ಸು ಬಾರದು. ತೆಹ್ರಾನಿನಲ್ಲಿ ಹುಟ್ಟಿ ಬೆಳೆದ ಇಪ್ಪತ್ತರ ಹುಡುಗನೊಬ್ಬ ಶಜರಿಯಾನರನ್ನು ಎದುರಿಗೆ ಕೂತು ಒಂದು ಸಲವೂ ಕೇಳದೆ ಉಳಿದ. ಗೂಗೂಶ್ ಮೂವತ್ತರಲ್ಲಿ, ನಲವತ್ತರಲ್ಲಿ ಹಾಡಬಹುದಾಗಿದ್ದ ಹಾಡುಗಳು ಎಲ್ಲೂ ಇಲ್ಲ, ಯಾವ ಫೋನಿನಲ್ಲೂ ಸಿಗುವುದಿಲ್ಲ. ಆ ನಷ್ಟ ನಷ್ಟವೇ.

ಮುಂದಿನ ತಲೆಮಾರಿನವರ ಮೇಲೆ ಆಳುವವರ ಕೈ ಇನ್ನೂ ಬಿರುಸಾಯಿತು. 2022ರ ಸೆಪ್ಟೆಂಬರಿನಲ್ಲಿ ಮಹ್ಸಾ ಅಮಿನಿ ಎಂಬ ಯುವತಿ ಪೊಲೀಸರ ವಶದಲ್ಲಿ ತೀರಿಕೊಂಡು ಜನ ಪ್ರತಿಭಟನೆಗಿಳಿದ ಮೇಲೆ ಶೆರ್ವಿನ್ ಹಾಜಿಪೂರ್ ಎಂಬ ಹುಡುಗ, ಬೀದಿಗಿಳಿದದ್ದು ಯಾತಕ್ಕಾಗಿ ಎಂದು ಜನ ಬರೆದ ಸಾಲುಗಳನ್ನೇ ಕೂಡಿಸಿ ಹಾಡು ಕಟ್ಟಿದ. ಎರಡೇ ದಿನದಲ್ಲಿ ಅದನ್ನು ಕೋಟ್ಯಂತರ ಸಲ ಜನ ನೋಡಿದರು, ಅವನ ಬಂಧನವಾಯಿತು. 2023ರಲ್ಲಿ ಅದಕ್ಕೆ ಗ್ರ್ಯಾಮಿಯ ವಿಶೇಷ ಪ್ರಶಸ್ತಿ ಬಂತು. ಹೆಣ್ಣುಮಕ್ಕಳ ತಲೆವಸ್ತ್ರದ ಕುರಿತು ಹಾಡಿದ ಮೆಹ್ದಿ ಯರ್ರಾಹಿ ಎಂಬ ಗಾಯಕನಿಗೆ 2025ರ ಮಾರ್ಚಿನಲ್ಲಿ 74 ಛಡಿ ಏಟು ಹೊಡೆದರು. 2024ರ ಡಿಸೆಂಬರಿನಲ್ಲಿ ಪರಸ್ತೂ ಅಹ್ಮದಿ ಎಂಬ ಯುವತಿ ಪ್ರೇಕ್ಷಕರೇ ಇಲ್ಲದ, ದಾರಿಹೋಕರು ತಂಗುತ್ತಿದ್ದ ಹಳೆಯ ಛತ್ರದ ಅಂಗಳದಲ್ಲಿ, ತಲೆ ಮುಚ್ಚಿಕೊಳ್ಳದೆ, ಕಛೇರಿ ಮಾಡಿ ಅಂತರ್ಜಾಲದಲ್ಲಿ ಹಾಕಿದಳು. ಅವಳನ್ನೂ ಹಿಡಿದು, ಆಮೇಲೆ ಬಿಟ್ಟರು. ಖಾಲಿ ಅಂಗಳಕ್ಕೆ ಹಾಡುವುದಕ್ಕೂ ಇಜಾಜತ್ ಬೇಕು.

ಶಜರಿಯಾನರು 2016ರ ಮಾರ್ಚಿನಲ್ಲಿ, ಇರಾನಿನ ಹೊಸ ವರ್ಷ ನೌರೂಜ್ ಹೊತ್ತಿಗೆ, ತಲೆ ಬೋಳಿಸಿಕೊಂಡ ರೂಪದಲ್ಲಿ ಒಂದು ಚಿಕ್ಕ ವಿಡಿಯೋ ಬಿಟ್ಟರು. ಹದಿನೈದು ವರ್ಷದಿಂದ ನನ್ನ ಜೊತೆ ಒಬ್ಬ ಅತಿಥಿ ಇದ್ದಾನೆ ಎಂದು ಕಾಯಿಲೆಯ ವಿಷಯ ಹೇಳಿದರು. ಅದು ಮೂತ್ರಪಿಂಡದ ಕ್ಯಾನ್ಸರ್. 2020ರ ಅಕ್ಟೋಬರ್ 8ರಂದು ತೆಹ್ರಾನಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಕೊರೊನಾದ ದಿನಗಳು. ಆದರೂ ಆಸ್ಪತ್ರೆಯ ಹೊರಗೆ ಜನ ಸೇರಿದರು. ಪ್ರತಿ ಕಛೇರಿಯ ಕೊನೆಗೆ ಸಭಿಕರು ಹಟ ಹಿಡಿದು ಅವರಿಂದ ಹಾಡಿಸುತ್ತಿದ್ದ, ಬೆಳಗಿನ ಹಕ್ಕಿಗೆ ಅಳು, ಪಂಜರ ಮುರಿ ಎಂದು ಹೇಳುವ ಹಾಡನ್ನು ಅವತ್ತು ಅವರಿಗಾಗಿ ಜನರೇ ಹಾಡಿದರು. ಸರಕಾರಿ ಪ್ರಸಾರ ಸಂಸ್ಥೆಗೆ ಧಿಕ್ಕಾರ ಕೂಗಿದರು. ಪೊಲೀಸರು ಚದುರಿಸಿದರು. ಅದೇ ದಿನ ದೇಶದ ಅಧ್ಯಕ್ಷರ ಸಂತಾಪ ಸಂದೇಶವೂ ಬಂತು. ಮಣ್ಣು ಮಾಡಿದ್ದು ಮಶ್ಹದ್ ಪಕ್ಕದ ತೂಸ್‌ನಲ್ಲಿ, ಫಿರ್ದೌಸಿಯ ಸಮಾಧಿಯ ಆವರಣದಲ್ಲಿ. ಸಿಯಾವಶ್ ಎಂದು ಹೆಸರಿಟ್ಟುಕೊಂಡು ಹಾಡಲು ಹೊರಟ ಹುಡುಗ, ಆ ಹೆಸರು ಕೊಟ್ಟ ಕವಿಯ ಮಗ್ಗುಲಿಗೇ ಬಂದು ಮಲಗಿದ.

ಇದನ್ನೆಲ್ಲ ಕೇಳಿದ ಚಾಚಾ ಬಹಳ ಹೊತ್ತು ಮಾತಾಡಲಿಲ್ಲ. ಅವರು ದರ್ಜಿ. ತುರ್ತು ಪರಿಸ್ಥಿತಿಯಲ್ಲಿ ಇಪ್ಪತ್ತರ ಹರೆಯ, ಅಂಗಡಿಯಲ್ಲಿ ಹೊಲಿಗೆ ಮಷೀನಿನ ಪಕ್ಕ ರೇಡಿಯೋ ಇತ್ತಂತೆ. ತರಾವೀಹ್ ನಮಾಜಿಗೆ ಏಳುವ ಮುಂಚೆ ಅಂದರು: “ಹೌದಪಾ, ಖರೆ. ಮಷೀನ್ ತುಳೀತಾ ತುಳೀತಾ ಒಂದಿನ ಗುರುತಾತು ನೋಡು, ಇಷ್ಟು ದಿನ ಆತು, ಕಿಶೋರನ ಒಂದು ಹಾಡೂ ಬಂದಿಲ್ಲಲ್ಲ ಅಂತ. ಯಾಕ ಅಂತ ಯಾರೂ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ.”

“ಮತ್ತ ಏನ್ ಮಾಡಿದ್ರಿ ಚಾಚಾ?”

“ಏನ್ ಮಾಡೋದು? ಮುಂಜಾನಿ ಸಿಲೋನ್ ಹಚ್ತಿದ್ದೆ. ಖರಖರ ಅಂತ ಸಪ್ಪಳ ಬಾಳ ಬರ್ತಿತ್ತು. ಆದ್ರ ಬರ್ತಿತ್ತು.”

ಎದ್ದು ಒಳಗೆ ಹೋಗಿ ಆ ರೇಡಿಯೋ ತಂದು ತೋರಿಸಿದರು. ಹಾಡದೆ ಎಷ್ಟೋ ವರ್ಷವಾಗಿದೆ. ಮುಂದಿನ ಗಾಜಿನ ಮೇಲೆ, ಸಿಲೋನ್ ಸಿಗುತ್ತಿದ್ದ ಜಾಗಕ್ಕೆ, ಬಟ್ಟೆಗೆ ಗುರುತು ಹಾಕುವ ದರ್ಜಿಯ ನೀಲಿ ಸೀಮೆಸುಣ್ಣದಲ್ಲಿ ಎಳೆದ ಒಂದು ಗೀಟು ಇನ್ನೂ ಮಸುಕು ಮಸುಕಾಗಿ ಇತ್ತು.